ಇಂಗ್ಲಿಷ್ ಕ್ಲಬ್ಬಿಗೆ ಹೋದರೆ ಇಂಗ್ಲಿಷ್ ಬರುತ್ತಾ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿ, ಕನ್ನಡ ಮಾಧ್ಯಮ. ಶನಿವಾರ ಶಾಲೆ ಬಿಟ್ಟ ಮೇಲೂ ಇಂಗ್ಲಿಷ್ ಕ್ಲಬ್ ಅಂತ ಅಲ್ಲೇ ಉಳಿಯುತ್ತಾಳೆ. ಏನು ಮಾಡ್ತೀರಾ ಅಂದರೆ ನಾಟಕ, ಆಟ ಅನ್ನುತ್ತಾಳೆ. ಇದರಿಂದ ಇಂಗ್ಲಿಷ್ ಬರುತ್ತಾ? ಆ ಹೊತ್ತಿಗೆ ಟ್ಯೂಷನ್ನಿಗೆ ಹಾಕುವುದೇ ವಾಸಿ ಅಲ್ವಾ?

ಉತ್ತರ: ಕ್ಲಬ್ ಬಿಡಿಸಬೇಡಿ. ಆದರೆ ಅಲ್ಲಿ ಅವಳು ಬಾಯಿ ಬಿಡುತ್ತಾಳಾ, ಸುಮ್ನೆ ಕೂತು ಬರುತ್ತಾಳಾ ಅನ್ನುವುದನ್ನು ಮಾತ್ರ ವಿಚಾರಿಸಿಕೊಳ್ಳಿ.

ಒಂದು ಲೆಕ್ಕ ಹಾಕಿ. 40 ನಿಮಿಷದ ಪೀರಿಯಡ್, 40 ಮಕ್ಕಳು. ಅರ್ಧ ಹೊತ್ತು ಟೀಚರ್ ಮಾತಾಡಿದರು ಅಂದುಕೊಳ್ಳೋಣ. ಉಳಿದದ್ದನ್ನು ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷ. ಸಮನಾಗಿ ಹಂಚುವುದೂ ಆಗುವುದಿಲ್ಲ, ಮುಂದಿನ ಬೆಂಚಿನ ನಾಲ್ಕು ಜನವೇ ಕೈ ಎತ್ತುತ್ತಿರುತ್ತಾರೆ. ಇದರಲ್ಲಿ ಟೀಚರ್ ತಪ್ಪೇನಿಲ್ಲ, ಪಾಠ ಮುಗಿಸಬೇಕಲ್ಲ.

ಕೇಳಿ ಕೇಳಿಯೇ ಭಾಷೆ ಬರುವುದಿಲ್ಲವೇ ಅನ್ನಬಹುದು. ಅರ್ಧ ಬರುತ್ತದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಗಣಿತ, ವಿಜ್ಞಾನ ಎಲ್ಲವನ್ನೂ ಫ್ರೆಂಚಿನಲ್ಲೇ ಕಲಿಸುವ ಶಾಲೆಗಳಿವೆ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಮಕ್ಕಳಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಮಾತಾಡುವಾಗ, ಬರೆಯುವಾಗ ಮಾತ್ರ ವ್ಯಾಕರಣ ತಪ್ಪುತ್ತಿತ್ತು. ಮೆರಿಲ್ ಸ್ವೇನ್ ಎಂಬ ಸಂಶೋಧಕಿ 1985ರಲ್ಲಿ ಇದಕ್ಕೆ ಕಾರಣ ಹುಡುಕಿದರು. ಕೇಳುವಾಗ ಅಲ್ಲೊಂದು ಇಲ್ಲೊಂದು ಪದ ಹಿಡಿದರೂ ಅರ್ಥ ಹೊಳೆದುಬಿಡುತ್ತದೆ. ಮಾತಾಡುವಾಗ ಹಾಗಲ್ಲ, ಇಡೀ ವಾಕ್ಯವನ್ನು ನಾವೇ ಕಟ್ಟಬೇಕು. ತನಗೆ ಯಾವ ಪದ ಗೊತ್ತಿಲ್ಲ ಅನ್ನುವುದು ಮಗುವಿಗೆ ತಿಳಿಯುವುದೇ ಆವಾಗ.

ಕ್ಲಬ್ಬಿನ ಬೆಲೆ ಇರುವುದು ಇಲ್ಲೇ. ನಾಟಕವನ್ನೇ ನೋಡಿ. ಪಾತ್ರಕ್ಕೆ ಹತ್ತು ಸಾಲು ಇರಬಹುದು. ಪ್ರಾಕ್ಟೀಸಿನಲ್ಲಿ ಅದನ್ನು ಹೇಳಿ ಹೇಳಿ ನಾಲಿಗೆ ಪಳಗುತ್ತದೆ. ಜೊತೆಗೆ ಬೇರೆಯವರ ಸಾಲುಗಳೂ ಕಿವಿಗೆ ಬಿದ್ದಿರುತ್ತವೆ. ರಾಜನ ಪಾತ್ರದ ಹುಡುಗ ಒಂದು ದಿನ ಗೈರಾದರೆ ಸೇವಕನೇ ರಾಜನ ಮಾತೂ ಹೇಳಿಬಿಡುತ್ತಾನೆ! ಪುಸ್ತಕದ ಪಾಠವನ್ನು ಅಷ್ಟು ಸಲ ಓದು ಅಂದರೆ ಯಾವ ಮಗುವೂ ಓದುವುದಿಲ್ಲ. ನಾಟಕದಲ್ಲಿ ತಪ್ಪಾದರೆ ಕೆಂಪು ಪೆನ್ನು ಬೀಳುವುದಿಲ್ಲ, ಇನ್ನೊಂದು ಸಲ ಹೇಳಿದರಾಯಿತು. ಹಿಂದಿನ ಬೆಂಚಿನ ಮಕ್ಕಳಿಗೆ ಇದು ದೊಡ್ಡ ಧೈರ್ಯ.

ಹೆಸರು ಇಂಗ್ಲಿಷ್ ಕ್ಲಬ್ ಅಂತಲೇ ಇರಬೇಕೆಂದಿಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ರೀಫ್ ನಾಟ್, ಕ್ಲೋವ್ ಹಿಚ್ ಅಂತ ಹೇಳುತ್ತಾ ಹಗ್ಗದಲ್ಲಿ ಗಂಟು ಹಾಕುತ್ತಾರೆ. ಕೈಯಲ್ಲಿ ಕಲಿತ ಪದ ಮರೆಯುವುದು ಕಷ್ಟ. ಇಕೋ ಕ್ಲಬ್ಬಿನವರು ಗಿಡಗಳಿಗೆ ಎರಡು ಭಾಷೆಯಲ್ಲಿ ಬೋರ್ಡ್ ಬರೆದರೂ ಅದು ಇಂಗ್ಲಿಷ್ ಕೆಲಸವೇ.

ಎಲ್ಲಾ ಕ್ಲಬ್ಬೂ ಹೀಗೇ ನಡೆಯುತ್ತದೆ ಅನ್ನಲಾರೆ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಚುರುಕಿರುವ ಇಬ್ಬರನ್ನು ಆರಿಸಿ, ಅರ್ಥವೂ ಹೇಳದೆ ಇಂಗ್ಲಿಷ್ ಭಾಷಣ ಉರು ಹೊಡೆಸುವುದುಂಟು. ಬಹುಮಾನ ಬರಬಹುದು, ಭಾಷೆ ಬರುವುದಿಲ್ಲ. ಕನ್ನಡ ಆಡಿದರೆ ದಂಡ ಅನ್ನುವ ನಿಯಮ ಇದ್ದರಂತೂ ನನಗೆ ಸಿಟ್ಟೇ ಬರುತ್ತದೆ. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಮಾತಾಡುವುದಿಲ್ಲ, ಮಾತನ್ನೇ ಬಿಡುತ್ತದೆ. ನಾಟಕದ ಪ್ಲಾನ್ ಕನ್ನಡದಲ್ಲೇ ಆಗಲಿ, ಸಂಭಾಷಣೆ ಇಂಗ್ಲಿಷಿನಲ್ಲಿದ್ದರೆ ಸಾಕು.

ಇನ್ನು ಟ್ಯೂಷನ್. ಎಸ್‌ಎಸ್‌ಎಲ್‌ಸಿಯಲ್ಲಿ ಎರಡನೇ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡವರಿಗೆ 80 ಅಂಕದ ಬರವಣಿಗೆ ಪರೀಕ್ಷೆ, 20 ಆಂತರಿಕ ಅಂಕ. ಸ್ಪೆಲ್ಲಿಂಗ್, ವ್ಯಾಕರಣ, ಪತ್ರ ಬರೆಯುವುದು ಇದೆಲ್ಲ ಕ್ಲಬ್ಬಿನಿಂದ ಬರುವುದಿಲ್ಲ. ಅದಕ್ಕೆ ತರಗತಿ ಬೇಕು, ಬೇಕಾದರೆ ಟ್ಯೂಷನ್ನೂ ಇರಲಿ. ವಾರದ ದಿನಗಳಲ್ಲಿ ಕಳಿಸಿ, ಶನಿವಾರ ಅವಳಿಗೇ ಬಿಡಿ.

ಟೀಚರ್ ಸಿಕ್ಕಾಗ ಎರಡು ವಿಷಯ ಕೇಳಿ. ಕ್ಲಬ್ಬಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಸಣ್ಣ ಗುಂಪು ಮಾಡುತ್ತಾರಾ? ಮುಗಿದ ಮೇಲೆ ಊರಿಗೆ ಬಸ್ಸಿದೆಯಾ? ಎಷ್ಟೋ ಹೆಣ್ಣುಮಕ್ಕಳು ಕ್ಲಬ್ ಬಿಡುವುದು ಆಸಕ್ತಿ ಇಲ್ಲದೆ ಅಲ್ಲ, ಬಸ್ ತಪ್ಪುತ್ತದೆ ಅಂತ. ಹಾಗಿದ್ದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ನಡೆಸಬಹುದಾ ಅಂತ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಸಮಿತಿ) ಸಭೆಯಲ್ಲಿ ಕೇಳಿ ನೋಡಿ.

ಮನೆಯಲ್ಲಿ ನೆಂಟರ ಮುಂದೆ ನಿಲ್ಲಿಸಿ "ಎಲ್ಲಿ, ಇಂಗ್ಲಿಷಿನಲ್ಲಿ ಮಾತಾಡು ನೋಡೋಣ" ಅನ್ನಲು ಹೋಗಬೇಡಿ. ನಾಟಕದ ಕಥೆ ಏನಮ್ಮಾ ಅಂತ ಕನ್ನಡದಲ್ಲೇ ಕೇಳಿ. ಅವಳ ಸಾಲುಗಳನ್ನು ಅವಳೇ ಇಂಗ್ಲಿಷಿನಲ್ಲಿ ಹೇಳಿ ತೋರಿಸುತ್ತಾಳೆ.