ಕತ್ತಿ ಬರೋನ ಕೈಗೆ ಈಟಿ ಸಿಕ್ರೆ?

ಪ್ರಶ್ನೆ: ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ (ಟೇಬಲ್ ಸುತ್ತ ಕೂತು, ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸಿ ಆಡೋ ಕಥೆ ಆಟ) ನನ್ ಕ್ಯಾರೆಕ್ಟರ್ ವರ್ಷಾನುಗಟ್ಲೆ ಕತ್ತಿ ಬೀಸಿರೋನು, ಫೈಟ್ ಮಧ್ಯೆ ಕತ್ತಿ ಮುರೀತು, ಪಕ್ಕದಲ್ಲಿ ಈಟಿ ಬಿದ್ದಿದೆ. ಏನೂ ಬರ್ದೇ ಇರೋನ ಥರಾನೇ ರೋಲ್ ಮಾಡ್ಬೇಕಾ?

ಯಾವ ರೂಲ್ಸ್ ಆಡ್ತಿದೀರ ಅನ್ನೋದ್ರ ಮೇಲಿದೆ. 2014ರ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಎಡಿಷನ್ ಆದ್ರೆ ತಲೆನೋವೇ ಇಲ್ಲ, ಫೈಟರ್‌ಗೆ (ಹೊಡೆದಾಡೋ ಥರದ ಕ್ಯಾರೆಕ್ಟರ್) ಸಿಂಪಲ್, ಮಾರ್ಷಿಯಲ್ ಅನ್ನೋ ಎರಡೂ ಗುಂಪಿನ ಆಯುಧ ಬರುತ್ತೆ, ಕತ್ತಿ ಆದ್ರೂ ಈಟಿ ಆದ್ರೂ ಅದೇ ಪ್ರೊಫಿಶಿಯೆನ್ಸಿ ಬೋನಸ್ (ಬರೋ ಆಯುಧಕ್ಕೆ ಡೈಸ್ ಮೇಲೆ ಸೇರೋ ನಂಬರ್). ಆಯುಧ ಬರಲ್ಲ ಅಂದ್ರೆ ಆ ಬೋನಸ್ ಪೂರ್ತಿ ಕಟ್, ಅರ್ಧಂಬರ್ಧ ಅನ್ನೋದೇ ಇಲ್ಲ.

ಮಜಾ ಇರೋದು ಗರ್ಪ್ಸ್ ಅನ್ನೋ ಇನ್ನೊಂದು ಗೇಮ್‌ನಲ್ಲಿ. ಅಲ್ಲಿ ಒಂದೊಂದು ಬಗೆಯ ಆಯುಧಕ್ಕೂ ಬೇರೆ ಸ್ಕಿಲ್, ಮೂರು ಡೈಸ್ ಉರುಳಿಸಿ ಸ್ಕಿಲ್ ನಂಬರ್ ಒಳಗೆ ಬಂದ್ರೆ, ಎದುರಿಗಿರೋನು ತಪ್ಪಿಸ್ಕೊಳ್ಳದೇ ಇದ್ರೆ, ಏಟು ಬಿತ್ತು. ನಾಲ್ಕನೇ ಎಡಿಷನ್‌ನಲ್ಲಿ ಉದ್ದ ಕತ್ತಿ ಸ್ಕಿಲ್ 14 ಇದ್ರೆ (ರೋಲ್ ಗೆಲ್ಲೋ ಚಾನ್ಸ್ ಸುಮಾರು 91%) ಗಿಡ್ಡ ಕತ್ತಿ ಕಲೀದೇ ಇದ್ರೂ -2ಕ್ಕೆ ಸಿಗುತ್ತೆ, ಅಂದ್ರೆ 12, 74%. ಎರಡು ಕೈಯ ದೊಡ್ಡ ಕತ್ತಿಗೆ -4, ಸರಿಯಾಗಿ 50%. ಆದ್ರೆ ಈಟಿಗೆ ಕತ್ತಿಯಿಂದ ದಾರೀನೇ ಇಲ್ಲ! ಬರೀ ಡೆಕ್ಸ್‌ನಿಂದ (ಕ್ಯಾರೆಕ್ಟರ್‌ನ ಚುರುಕುತನದ ನಂಬರ್) -5, ಡೆಕ್ಸ್ 12 ಇದ್ರೆ 7 ಬಂತು, 16% ಅಷ್ಟೇ. ಅದೇ ದೊಣ್ಣೆವರಸೆ 14 ಇರೋ ಊರ ಹುಡುಗ ಈಟಿ ಹಿಡಿದ್ರೆ -2, ಆರಾಮಾಗಿ 74%. ಇನ್ನೊಂದು, ಹೀಗೆ ಎರವಲು ಬಂದ ಸ್ಕಿಲ್‌ನಿಂದ ಮತ್ತೊಂದು ಎರವಲು ತರೋಹಾಗಿಲ್ಲ.

ದೊಣ್ಣೆ-ಈಟಿ ನಂಟು ಒಪ್ಪೋಣ, ಎರಡೂ ಎರಡು ಕೈಯಲ್ಲಿ ಹಿಡಿಯೋ ಉದ್ದ ಕೋಲೇ ತಾನೆ. ಆದ್ರೆ ಅಷ್ಟು ವರ್ಷ ಹೊಡೆದಾಡಿದೋನಿಗೆ ಎಷ್ಟು ದೂರ ನಿಲ್ಬೇಕು, ಕಾಲು ಎಲ್ಲಿಡ್ಬೇಕು, ಎದುರಿಗಿರೋನು ಯಾವಾಗ ನುಗ್ತಾನೆ ಅನ್ನೋದೂ ಮರೆತುಹೋಗುತ್ತಾ? ನನಗಂತೂ 16% ಜಿಪುಣತನ ಅನ್ಸುತ್ತೆ. ಜಯನಗರದ ನಮ್ ಭಾನುವಾರದ ಟೇಬಲ್‌ನಲ್ಲಿ, ಯಾವ್ದಾದ್ರೂ ಕೈಯಾಯುಧ 14 ಮುಟ್ಟಿದ್ರೆ ಬೇರೆ ಕೈಯಾಯುಧಕ್ಕೆಲ್ಲಾ -4, ಅಲ್ಲಿಗೆ 50%. ಬಿಲ್ಲಿಗೆ ಇದು ನಡೆಯಲ್ಲ.

ಇನ್ನೂ ಒಂದು ತಕರಾರಿದೆ, ಉದ್ದ-ಗಿಡ್ಡ ಕತ್ತಿಗೆ ಆ ಕಡೆಯಿಂದಾನೂ -2, ಈ ಕಡೆಯಿಂದಾನೂ -2. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗೇರ್ ಬೈಕ್ ಓಡಿಸೋನಿಗೆ ಆಕ್ಟಿವಾ ಕೊಡಿ, ಎರಡು ನಿಮಿಷ ಸಾಕು, ಆಕ್ಟಿವಾದೋನಿಗೆ ಗೇರ್ ಬೈಕ್ ಕೊಟ್ರೆ ಕ್ಲಚ್ ಬಿಡೋಷ್ಟರಲ್ಲೇ ಆಫ್. ಅದಕ್ಕೆ ಕಷ್ಟದ್ದರಿಂದ ಸುಲಭಕ್ಕೆ -1, ಸುಲಭದಿಂದ ಕಷ್ಟಕ್ಕೆ -3 ಅಂತ ಇಟ್ಕೊಂಡಿದೀವಿ, ಆದ್ರೆ ಯಾವ ಕತ್ತಿ ಕಷ್ಟ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಏನೇ ಇಟ್ಕೊಳ್ಳಿ, ನಂಬರ್‌ಗಳನ್ನ ಮೊದ್ಲೇ ಕ್ಯಾರೆಕ್ಟರ್ ಶೀಟಲ್ಲಿ ಬರ್ದುಬಿಡಿ, ಫೈಟ್ ಮಧ್ಯೆ ಲೆಕ್ಕ ಹಾಕೋಕೆ ಕೂತ್ರೆ ಕಾಫಿ ಆರೋಗುತ್ತೆ.