ಮೈ ಬೋಳಾದ ನಾಯಿ, ತಟ್ಟೆ ಬಿಟ್ಟ ನಾಯಿ: ಎರಡನ್ನೂ ಒಟ್ಟಿಗೆ ಓದುವುದು

ಪುಸ್ತಕದಲ್ಲಿ ಚರ್ಮರೋಗ ಒಂದು ಕಡೆ ಇದೆ, ಹಸಿವಿನ ತೊಂದರೆ ಎಲ್ಲೋ ಹಿಂದಿನ ಪುಟಗಳಲ್ಲಿದೆ. ಆಸ್ಪತ್ರೆಯಲ್ಲಿ ಕೂತಾಗ ಎರಡೂ ಕೂಡಿಯೇ ಬರುತ್ತವೆ. "ಮೂರ್ ದಿನದಿಂದ ಮುದ್ದೆ ಮೂಸೂ ನೋಡ್ತಿಲ್ಲ ಕನ ಮೇಡಂ, ಹೊಟ್ಟೆ ಮ್ಯಾಲೆಲ್ಲ ಕೆಂಪ್ ಕೆಂಪಾಗದೆ" ಎಂದು ಮಂಡ್ಯದವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮೈಸೂರಿನ ಕಡೆಯವರು ಕೆರೆತದ ಬಗ್ಗೆ ಹತ್ತು ನಿಮಿಷ ಹೇಳಿ, ನಾಯಿ ದಿನಕ್ಕೆ ಎರಡು ಬಕೆಟ್ ನೀರು ಖಾಲಿ ಮಾಡುತ್ತಿದೆ ಎನ್ನುವುದನ್ನು ಬಾಗಿಲ ಹತ್ತಿರ ಹೋದ ಮೇಲೆ ಹೇಳುತ್ತಾರೆ. ಎರಡನ್ನೂ ಜೋಡಿಸಿ ನೋಡಿದರೆ ಎಷ್ಟೋ ಕಾಯಿಲೆಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ಪ್ರಾಣಿ ಆಸ್ಪತ್ರೆಗಳಲ್ಲಿ ಸಹಾಯಕರಾಗಿ ಕಲಿಯುತ್ತಿರುವ ನಮ್ಮಂಥವರಿಗೆ ಈ ಟಿಪ್ಪಣಿ. ಔಷಧದ ಪ್ರಮಾಣ ಎಲ್ಲೂ ಬರೆದಿಲ್ಲ. ಅದು ಡಾಕ್ಟರ ಪಾಲು. ನೋಡುವುದು, ಕೇಳುವುದು, ಬರೆದುಕೊಳ್ಳುವುದು ನಮ್ಮ ಪಾಲು.

ಮೊದಲು ಹಸಿವು

"ತಿನ್ನುತ್ತಿಲ್ಲ" ಎಂದಷ್ಟೇ ಬರೆದುಕೊಂಡರೆ ಪ್ರಯೋಜನವಿಲ್ಲ. ತಟ್ಟೆಯ ಹತ್ತಿರವೇ ಬರುತ್ತಿಲ್ಲವೋ, ಬಂದು ಬಾಯಿಗೆ ತೆಗೆದುಕೊಂಡು ಉಗುಳುತ್ತದೋ, ಅನ್ನ ಬಿಟ್ಟು ಬಿಸ್ಕತ್ತು ಮಾತ್ರ ತಿನ್ನುತ್ತದೋ ಎಂದು ಕೇಳಬೇಕು. ಹತ್ತಿರವೇ ಬಾರದ ನಾಯಿಗೆ ಜ್ವರ, ಲಿವರ್, ಕಿಡ್ನಿ ಕಡೆ ಯೋಚನೆ ಹೋಗಬೇಕು. ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಬೆದೆಗೆ ಬಂದದ್ದು ಯಾವಾಗ ಎಂದು ಕೇಳದೆ ಬಿಡಬೇಡಿ. ಬೆದೆ ಮುಗಿದು ನಾಲ್ಕರಿಂದ ಎಂಟು ವಾರದೊಳಗೆ ಊಟ ಬಿಟ್ಟು ನೀರು ಜಾಸ್ತಿ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅಂಥದ್ದನ್ನು ಸರದಿಯಲ್ಲಿ ಕೂರಿಸಬಾರದು.

ತಿನ್ನಲು ಆಸೆ ಇದೆ, ಆಗುತ್ತಿಲ್ಲ ಎಂದರೆ ಹಲ್ಲು, ವಸಡು, ಗಂಟಲಲ್ಲಿ ಸಿಕ್ಕಿದ ಮೂಳೆ. ಬಾಡೂಟದ ಮಾರನೇ ದಿನ ಇಂಥವು ಬರುತ್ತವೆ. ಆದರೆ ಒಂದು ಎಚ್ಚರಿಕೆ: ಜೊಲ್ಲು ಸುರಿಸುತ್ತಾ, ದವಡೆ ಜೋತುಬಿಟ್ಟು, ನೀರು ನುಂಗಲೂ ಆಗದೆ, ಸ್ವಭಾವವೂ ಬದಲಾಗಿದ್ದರೆ "ಗಂಟಲಲ್ಲಿ ಮೂಳೆ ಇದೆ, ತೆಗೆದುಬಿಡಿ" ಎಂದು ಮನೆಯವರು ಎಷ್ಟು ಹೇಳಿದರೂ ಬಾಯಿಗೆ ಕೈ ಹಾಕಬಾರದು. ಹುಚ್ಚುನಾಯಿ ರೋಗವೂ ಹೀಗೇ ಕಾಣುತ್ತದೆ. ಹಲ್ಲು ತಗುಲಿದರೆ ಅಥವಾ ಗಾಯದ ಮೇಲೆ ಜೊಲ್ಲು ಬಿದ್ದರೆ ಹರಿಯುವ ನೀರು, ಸೋಪು, 15 ನಿಮಿಷ ತೊಳೆತ, ತಕ್ಷಣ ಲಸಿಕೆ.

ಅನ್ನ ಬೇಡ, ಬಿಸ್ಕತ್ತು ಬೇಕು ಎನ್ನುವ ನಾಯಿಗಳಲ್ಲಿ ಅರ್ಧಕ್ಕೆ ಬಿಸ್ಕತ್ತೇ ಕಾಯಿಲೆ ಎಂಬುದು ನನ್ನ ಅಭಿಪ್ರಾಯ. ಆದರೂ ಹೊಟ್ಟೆ ತೊಳಸುವಾಗಲೂ ನಾಯಿ ಹೀಗೇ ಆರಿಸಿ ತಿನ್ನುತ್ತದೆ. ದೊಡ್ಡ ನಾಯಿ ಪೂರ್ತಿ ಒಂದು ದಿನ ಏನನ್ನೂ ಮುಟ್ಟದಿದ್ದರೆ ತೋರಿಸಲೇಬೇಕು, ಮರಿಗಾದರೆ ಅಷ್ಟೂ ಕಾಯಬಾರದು.

ಮೂಗು ಒಣಗಿದರೆ ಜ್ವರ ಎನ್ನುವ ಮಾತನ್ನು ಮರೆತುಬಿಡಿ. ಗುದದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ 98.6 ತಲೆಯಲ್ಲಿಟ್ಟುಕೊಂಡು ನೋಡಿದರೆ ಆರೋಗ್ಯವಾಗಿರುವ ನಾಯಿಗೂ ಜ್ವರ ಬಂದಂತೆ ಕಾಣುತ್ತದೆ.

ಚರ್ಮ: ಕೆರೆತ ಮೊದಲೋ, ಕೂದಲು ಮೊದಲೋ

ಇದು ಸುಲಭದ ಭಾಗ, ಬೇಗ ಮುಗಿಸುತ್ತೇನೆ. ಮೊದಲು ಕೆರೆದು ಆಮೇಲೆ ಕೂದಲು ಹೋಗಿದ್ದರೆ ಚಿಗಟ, ಹುರುಕಿನ ನುಸಿ, ಅಲರ್ಜಿ. ಬಾಲದ ಬುಡ ಮತ್ತು ಸೊಂಟದ ಮೇಲಾದರೆ ಚಿಗಟ. ಅಲ್ಲಿ ಸಿಗುವ ಕರಿಪುಡಿಯನ್ನು ಒದ್ದೆ ಹತ್ತಿಯ ಮೇಲಿಟ್ಟರೆ ಕೆಂಪು ಕಂದು ಬಣ್ಣ ಬಿಡುತ್ತದೆ, ಅದು ಚಿಗಟ ಕುಡಿದು ಹಾಕಿದ ರಕ್ತ. ಕಿವಿಯ ಅಂಚು, ಮೊಣಕೈಯಲ್ಲಿ ತಡೆಯಲಾರದ ಕೆರೆತವಾದರೆ ಸಾರ್ಕಾಪ್ಟಿಸ್ ನುಸಿ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದರೆ ನಾಯಿ ಹಿಂಗಾಲು ಆಡಿಸುತ್ತದೆ. ಮನೆಯವರ ಕೈ ಹೊಟ್ಟೆಯ ಮೇಲೂ ಗುಳ್ಳೆ ಇದೆಯೇ ಕೇಳಿ, ಅದು ಅವರಿಗೂ ಹತ್ತುತ್ತದೆ. ವರ್ಷದಿಂದ ಮೂರು ವರ್ಷದೊಳಗೆ ಶುರುವಾಗಿ ಪಾದ ನೆಕ್ಕುವುದು, ಮುಖ ಉಜ್ಜುವುದು, ಕಂಕುಳು ಕೆಂಪಾಗುವುದು ಇದ್ದರೆ ಅಲರ್ಜಿ ಕಡೆ ನೋಡಬೇಕು.

ಕೆರೆತವಿಲ್ಲದೆ ಕೂದಲು ಹೋಗಿದ್ದರೆ ದಾರಿ ಬೇರೆ. ಮರಿಯಲ್ಲಿ ಕಣ್ಣಿನ ಸುತ್ತ, ಮುಂಗಾಲಲ್ಲಿ ಬೋಳು ಮಚ್ಚೆಯಾದರೆ ಡೆಮೊಡೆಕ್ಸ್ ಎಂಬ ನುಸಿ. ದುಂಡಗೆ ಅಂಚು ಕಟ್ಟಿ ಹೊಟ್ಟು ಬಂದಿದ್ದರೆ ಹುಳುಕಡ್ಡಿ, ಇದೂ ಮನುಷ್ಯರಿಗೆ ಹತ್ತುತ್ತದೆ. ಎರಡೂ ಪಕ್ಕೆಯಲ್ಲಿ ಅಳತೆ ಮಾಡಿದ ಹಾಗೆ ಸಮವಾಗಿ ಬೋಳಾಗಿದ್ದರೆ ಹಾರ್ಮೋನು, ಅದಕ್ಕೆ ಕೆಳಗೆ ದೊಡ್ಡ ಜಾಗ ಬಿಟ್ಟಿದ್ದೇನೆ.

ಗಾಜು ಒತ್ತಿ ನೋಡುವುದು

ಊಟ ಬಿಟ್ಟ ನಾಯಿಯ ಹೊಟ್ಟೆ ಮೇಲೆ ಕೆಂಪು ಚುಕ್ಕೆ ಇದ್ದರೆ "ಅಲರ್ಜಿ" ಎಂದು ಬರೆಯುವ ಮುನ್ನ ಒಂದು ಗಾಜಿನ ಸ್ಲೈಡ್ ತೆಗೆದುಕೊಂಡು ಚುಕ್ಕೆಯ ಮೇಲೆ ಒತ್ತಿ. ಗಾಜಿನ ಕೆಳಗೆ ಕೆಂಪು ಮಾಯವಾದರೆ ರಕ್ತ ಇನ್ನೂ ನಾಳದೊಳಗೇ ಇದೆ, ಒತ್ತಿದಾಗ ಅತ್ತಿತ್ತ ಸರಿಯಿತು, ಅಂದರೆ ಉರಿಯೂತ. ಒತ್ತಿದರೂ ಕೆಂಪು ಹಾಗೇ ಉಳಿದರೆ ರಕ್ತ ನಾಳದಿಂದ ಹೊರಗೆ ಸೋರಿ ಚರ್ಮದಲ್ಲಿ ಕೂತಿದೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿರುವ ಸಂಭವ ಹೆಚ್ಚು. ವಸಡಿನಲ್ಲೂ ಇಂಥ ಚುಕ್ಕೆ ಹುಡುಕಿ, ಮೂಗಿನಲ್ಲಿ ರಕ್ತ ಬಂದಿತ್ತೇ ಕೇಳಿ.

ನಮ್ಮ ಕಡೆ ಇದಕ್ಕೆ ಮೊದಲ ಅನುಮಾನ ಉಣ್ಣೆ ಜ್ವರ. ನಾಯಿಗೆ ಹತ್ತುವ ಕಂದು ಬಣ್ಣದ ಉಣ್ಣೆ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾವನ್ನು ನಾಯಿಯ ರಕ್ತಕ್ಕೆ ಬಿಡುತ್ತದೆ. ಜ್ವರ ಏಳಲು ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಉಣ್ಣೆ ಉದುರಿ ಹೋಗಿರುತ್ತದೆ, ಮನೆಯವರು "ಉಣ್ಣೆ ಒಂದೂ ಇಲ್ಲ" ಎಂದು ನಿಜವನ್ನೇ ಹೇಳುತ್ತಾರೆ. "ಈಗ ಇದೆಯಾ" ಎಂದು ಕೇಳುವ ಬದಲು "ಹೋದ ತಿಂಗಳು ಇತ್ತಾ" ಎಂದು ಕೇಳಿ. ಈ ಉಣ್ಣೆ ಮನೆಯೊಳಗೇ ಸಂಸಾರ ಮಾಡುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಆದ್ದರಿಂದ ನಾಯಿಯ ಮೈಯಿಂದ ಕಿತ್ತರೆ ಮಾತ್ರ ಸಾಲದು.

ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗ್ರಂಥಿ ದಪ್ಪವಾಗಿದೆಯೇ ಮುಟ್ಟಿ ನೋಡಿ. ಮಂಡಿಯ ಹಿಂದಿನದು ಕೈಗೆ ಬೇಗ ಸಿಗುತ್ತದೆ. ವಸಡು ಬಿಳಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕೆಂಪು ರಕ್ತಕಣದೊಳಗೆ ಸೇರುವ ಬಬೇಸಿಯಾ ಎಂಬ ಪರಾವಲಂಬಿ. ಅದೂ ಉಣ್ಣೆಯಿಂದಲೇ. ಕಣ್ಣಿನ ಬಿಳಿ, ಕಿವಿಯ ಒಳಮೈ ಹಳದಿಯಾಗಿದ್ದು, ನಾಯಿ ಗದ್ದೆ ಬಯಲು, ಕಬ್ಬಿನ ತೋಟ, ನಾಲೆ ಏರಿ ಸುತ್ತುವಂಥದ್ದಾದರೆ ಇಲಿ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಕೂಡ ಮನಸ್ಸಿನಲ್ಲಿರಲಿ. ಅದರ ಮೂತ್ರವನ್ನು ಗ್ಲೌಸ್ ಇಲ್ಲದೆ ಮುಟ್ಟಬಾರದು.

ಜ್ವರವೆಂದು ಮನೆಯಲ್ಲಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಟ್ಟಿದ್ದಾರೆಯೇ ಎಂದು ಕೇಳಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೂ ಪೆಟ್ಟು. ಪ್ಲೇಟ್‌ಲೆಟ್ ಇಲ್ಲದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎರಡೂ ಪಕ್ಕೆ ಸಮವಾಗಿ ಬೋಳು, ಕೆರೆತವಿಲ್ಲ

ನನ್ನ ತಲೆ ಕೆಡಿಸಿದ್ದು ಇದು. ಥೈರಾಯ್ಡ್ ಕಡಿಮೆಯಾದರೂ ಹೀಗೇ ಕಾಣುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾದ ಕುಶಿಂಗ್ ಕಾಯಿಲೆಯಲ್ಲೂ ಹೀಗೇ ಕಾಣುತ್ತದೆ. ಎರಡರಲ್ಲೂ ಕೂದಲಿನ ಬುಡ ಕೆಲಸ ನಿಲ್ಲಿಸಿ ಕೂರುತ್ತದೆ, ಹಳೆ ಕೂದಲು ಸವೆದು ಹೋಗುತ್ತದೆ, ಹೊಸದು ಬರುವುದಿಲ್ಲ. ಎರಡೂ ನಡುವಯಸ್ಸು ದಾಟಿದ ನಾಯಿಗಳಲ್ಲೇ ಹೆಚ್ಚು. ಎರಡೂ "ದಪ್ಪ ಆಗಿದೆ" ಎಂದೇ ಬರುತ್ತವೆ. ಚರ್ಮ ಮಾತ್ರ ನೋಡುತ್ತಿದ್ದರೆ ಸಂಜೆಯವರೆಗೂ ನೋಡುತ್ತಲೇ ಇರಬೇಕು.

ಹಸಿವು ಕೇಳಿದ ಕೂಡಲೇ ದಾರಿ ಒಡೆಯುತ್ತದೆ. ಥೈರಾಯ್ಡ್ ನಾಯಿ ಮೊದಲಿನಷ್ಟೇ ಅಥವಾ ಕಡಿಮೆ ತಿಂದು ತೂಕ ಏರಿಸಿಕೊಳ್ಳುತ್ತದೆ, ಜಡವಾಗಿ ಬಿಸಿಲು ಕಾಯಿಸುತ್ತಾ ಮಲಗುತ್ತದೆ, ಬಾಲ ಇಲಿಯ ಬಾಲದಂತೆ ಬೋಳಾಗಿರುತ್ತದೆ. ಕುಶಿಂಗ್ ನಾಯಿ ಎಷ್ಟು ಹಾಕಿದರೂ ಇನ್ನೂ ಬೇಕೆನ್ನುತ್ತದೆ, ಕಸದ ಬುಟ್ಟಿ ಬೀಳಿಸುತ್ತದೆ, ನೀರು ಕುಡಿಯುತ್ತಲೇ ಇರುತ್ತದೆ, ರಾತ್ರಿ ಮನೆಯೊಳಗೇ ಮೂತ್ರ ಮಾಡುತ್ತದೆ. ನೀರನ್ನು ಅಳೆಯಲು ಹೇಳಿ: ಒಂದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್ ದಾಟಿದರೆ ಅದು ಸೆಕೆಯ ಬಾಯಾರಿಕೆಯಲ್ಲ. ಅದರ ದಪ್ಪವೂ ನಿಜವಾದ ದಪ್ಪವಲ್ಲ. ಕಾರ್ಟಿಸಾಲ್ ಸ್ನಾಯುವನ್ನು ಕರಗಿಸುತ್ತದೆ, ಹೊಟ್ಟೆಯ ಸ್ನಾಯು ಸಡಿಲವಾಗಿ ಜೋಲುತ್ತದೆ, ಒಳಗೆ ಲಿವರ್ ಊದಿರುತ್ತದೆ. ಮೇಲಿನಿಂದ ಗುಂಡಗೆ ಕಂಡರೂ ತೊಡೆ ಸಣಕಲು, ಹೊಟ್ಟೆಯ ಚರ್ಮ ಕಾಗದದಷ್ಟು ತೆಳು, ರಕ್ತನಾಳ ಎದ್ದು ಕಾಣುತ್ತದೆ.

ಇಲ್ಲಿಯವರೆಗೆ ಸರಿ. ಕುಶಿಂಗ್‌ನಂತೆಯೇ ಕಾಣುವ ನಾಯಿಯ ಕಾರ್ಟಿಸಾಲ್ ಪರೀಕ್ಷೆ "ಕಡಿಮೆ" ಎಂದು ಬಂದರೆ ಏನು ಅರ್ಥ? ಇದನ್ನು ಬಿಡಿಸಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದು ಬಂದರೆ ಕಿಡ್ನಿಯ ಪಕ್ಕದ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ತಾನಾಗಿ ಬರುವ ಕುಶಿಂಗ್‌ನಲ್ಲಿ ನೂರಕ್ಕೆ 80–85 ನಾಯಿಗಳಲ್ಲಿ ಪಿಟ್ಯುಟರಿಯಲ್ಲೇ ಸಣ್ಣ ಗೆಡ್ಡೆ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಅಡ್ರಿನಲ್‌ನಲ್ಲಿ. ಆದರೆ ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುವ ಸ್ಟಿರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಟ್ಟರೂ ಇದೇ ರೂಪ ಬರುತ್ತದೆ. ತಾರಸಿಯ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕರ್ ನೀರನ್ನು ಮೇಲಿನಿಂದ ತುಂಬಿಸಿದರೆ ಫ್ಲೋಟ್ ವಾಲ್ವ್ ಎದ್ದು ನಲ್ಲಿಯ ಪೈಪನ್ನು ಮುಚ್ಚುತ್ತದೆ. ಟ್ಯಾಂಕೇನೋ ತುಂಬಿ ತುಳುಕುತ್ತಿದೆ, ನಲ್ಲಿಯಿಂದ ಮಾತ್ರ ಹನಿ ನೀರಿಲ್ಲ. ಲ್ಯಾಬ್ ಅಳೆಯುವುದು ನಲ್ಲಿಯ ನೀರನ್ನು, ಅಂದರೆ ನಾಯಿ ತಾನೇ ತಯಾರಿಸಿದ ಕಾರ್ಟಿಸಾಲನ್ನು. ಆದ್ದರಿಂದ ಮೈ ನೋಡಿದರೆ "ಹೆಚ್ಚು", ವರದಿ ನೋಡಿದರೆ "ಕಡಿಮೆ". ಎಸಿಟಿಎಚ್ ಚುಚ್ಚಿ ಮತ್ತೆ ಅಳೆದರೂ ಏರುವುದಿಲ್ಲ, ಏಕೆಂದರೆ ಕೆಲಸವಿಲ್ಲದ ಅಡ್ರಿನಲ್ ಕುಗ್ಗಿಹೋಗಿದೆ. ಇದರಲ್ಲೂ ಒಂದು ತೊಡಕು: ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಹೊಟ್ಟೆಯಲ್ಲಿದ್ದಾಗಲೇ ರಕ್ತ ತೆಗೆದರೆ ಕೆಲವು ಪರೀಕ್ಷೆಗಳು ಅದನ್ನೇ ಕಾರ್ಟಿಸಾಲ್ ಎಂದು ಎಣಿಸಿ ಅಂಕಿ ಏರಿಸುತ್ತವೆ. ಇನ್ನೊಂದು ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್ ಹಾಗೆ ಮಾಡುವುದಿಲ್ಲ. ಯಾವ ಮಾತ್ರೆ, ಕೊನೆಯದು ಯಾವಾಗ ಎನ್ನುವುದು ರಕ್ತ ತೆಗೆಯುವ ಮೊದಲೇ ಡಾಕ್ಟರಿಗೆ ಗೊತ್ತಿರಬೇಕು.

ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ? ಕುಗ್ಗಿದ ಗ್ರಂಥಿ ಕೂಡಲೇ ಎದ್ದು ಕೆಲಸ ಮಾಡುವುದಿಲ್ಲ. ನಿನ್ನೆಯವರೆಗೆ ಎಲ್ಲ ಕಬಳಿಸುತ್ತಿದ್ದ ನಾಯಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ನಿಲ್ಲಲಾರದೆ ಕುಸಿಯುತ್ತದೆ. "ಸೈಡ್ ಎಫೆಕ್ಟ್ ಅಂತ ಓದಿ ನಿಲ್ಲಿಸಿಬಿಟ್ವಿ" ಎಂದು ಮನೆಯವರು ಹೇಳಿದರೆ ಅದು ತುರ್ತು. ಹಂತಹಂತವಾಗಿ ಇಳಿಸುವುದು ಡಾಕ್ಟರ ಲೆಕ್ಕದ ಪ್ರಕಾರವೇ ಆಗಬೇಕು.

ಸ್ಟಿರಾಯ್ಡ್ ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಟಿ4ರ ಅಂಕಿಯನ್ನೂ ಇಳಿಸುತ್ತದೆ. ಬೇರೆ ಯಾವುದೇ ಗಂಭೀರ ಕಾಯಿಲೆಯೂ ಇಳಿಸುತ್ತದೆ. ಊಟ ಬಿಟ್ಟು ಸೊರಗಿದ ನಾಯಿಯ ಟಿ4 ಕಡಿಮೆ ಬಂದ ಮಾತ್ರಕ್ಕೆ ಅದು ಥೈರಾಯ್ಡ್ ನಾಯಿಯಲ್ಲ. ಥೈರಾಯ್ಡ್‌ಗೆ ಕೆಲಸ ಹೇಳುವ ಪಿಟ್ಯುಟರಿ ಹಾರ್ಮೋನಾದ ಟಿಎಸ್‌ಎಚ್‌ನ ಅಂಕಿಯನ್ನೂ ಜೊತೆಗಿಟ್ಟು, ಲಕ್ಷಣವನ್ನೂ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ.

ಇಷ್ಟೆಲ್ಲ ಏಕೆ ಬರೆದೆನೆಂದರೆ ನಮ್ಮ ಕಡೆ ಈ ಸ್ಟಿರಾಯ್ಡೇ "ಕೆರೆತದ ಮಾತ್ರೆ" ಎಂದು ಔಷಧಿ ಅಂಗಡಿಯಲ್ಲಿ ಕೇಳಿದರೆ ಸಿಕ್ಕಿಬಿಡುತ್ತದೆ. ಕೊಟ್ಟ ಮಾರನೇ ದಿನವೇ ಕೆರೆತ ನಿಲ್ಲುತ್ತದೆ, ನಾಯಿ ಚೆನ್ನಾಗಿ ತಿನ್ನತೊಡಗುತ್ತದೆ. ವಾಸಿಯಾಯಿತು ಎನ್ನಿಸುವುದು ಸಹಜ. ಒಳಗೆ ಡೆಮೊಡೆಕ್ಸ್ ಅಥವಾ ಹುಳುಕಡ್ಡಿ ಇದ್ದರೆ ಅದು ಹಬ್ಬುತ್ತಿರುತ್ತದೆ. ಹೀಗಾಗಿ ಕೆರೆತ ನಿಂತು ಹಸಿವು ಹೆಚ್ಚಿದೆ ಎಂದು ಯಾರಾದರೂ ಹೇಳಿದರೆ ನನ್ನ ಮೊದಲ ಪ್ರಶ್ನೆ, ಏನು ಕೊಟ್ಟಿರಿ? ಮಾತ್ರೆ ಇಲ್ಲವೆಂದರೆ ಮುಲಾಮು, ಕಿವಿಗೆ ಹಾಕುವ ಹನಿ ಕೇಳಿ. ಮನುಷ್ಯರ ಹುಳುಕಡ್ಡಿಗೆಂದು ಮಾರುವ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ, ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ.

ಮರಿಗಳು

ಲಸಿಕೆ ಆಗದ ಮರಿ ಊಟ ಬಿಟ್ಟಿದೆ, ಕಣ್ಣು ಮೂಗಿನಲ್ಲಿ ಕೀವಿನಂಥ ಸೋರಿಕೆ, ಹೊಟ್ಟೆಯ ಕೆಳಗೆ ಕೀವುಗುಳ್ಳೆ. ಇಂಥದ್ದನ್ನು ಚರ್ಮದ ಕೇಸ್ ಎಂದು ಇತರ ನಾಯಿಗಳ ನಡುವೆ ಕೂರಿಸಬೇಡಿ. ಡಿಸ್ಟೆಂಪರ್ ಎಂಬ ವೈರಸ್ ರೋಗ ಆಗಿರಬಹುದು, ಗಾಳಿಯಲ್ಲಿ ಹರಡುತ್ತದೆ. ಅಂಗಾಲು ಮತ್ತು ಮೂಗು ಗಟ್ಟಿಯಾಗುವುದು ಆಮೇಲೆ ಕಾಣುತ್ತದೆ.

ತಟ್ಟೆಯಲ್ಲಿ ಏನಿದೆ

ಬರೀ ಹಾಲು ಅನ್ನ, ಬರೀ ಮುದ್ದೆ ಸಾರು ತಿಂದು ಬೆಳೆದ ನಾಯಿಯ ಕೂದಲು ಮಂಕಾಗಿ ಹೊಟ್ಟು ಉದುರುತ್ತಿದ್ದರೆ ಆಶ್ಚರ್ಯವಿಲ್ಲ. ದಿನದ ಪ್ರೋಟೀನಿನಲ್ಲಿ ಶೇ 25ರಿಂದ 30ರಷ್ಟು ಚರ್ಮ ಮತ್ತು ಕೂದಲಿಗೇ ಬೇಕು. ಮೊಟ್ಟೆ, ಮಾಂಸ, ಸ್ವಲ್ಪ ಕೊಬ್ಬು ಸೇರದೆ ಶಾಂಪೂ ಬದಲಿಸಿದರೆ ಏನೂ ಆಗದು. ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬಿಳಚಿದ ವಸಡಿಗೆ ಅದೂ ಕಾರಣವಿರಬಹುದು. ಆಹಾರದ ಅಲರ್ಜಿ ಎಂದು ಡಾಕ್ಟರು ಹೊಸ ಆಹಾರ ಬರೆದುಕೊಟ್ಟರೆ ಎಂಟು ವಾರ ಅದೊಂದೇ. ನಡುವೆ ಅಜ್ಜಿ ಪ್ರೀತಿಯಿಂದ ಕೊಟ್ಟ ಒಂದು ಬಿಸ್ಕತ್ತೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅಜ್ಜಿಯನ್ನೂ ಕೂರಿಸಿಕೊಂಡೇ ಹೇಳಿ.

ಫೋನಿನಲ್ಲಿ ಕೇಳಿದವರಿಗೆ ಹೇಳಬೇಕಾದದ್ದು

ಬರುವ ಮುನ್ನ ಸ್ನಾನ ಮಾಡಿಸಬೇಡಿ, ಬೇವಿನೆಣ್ಣೆ, ಅರಿಶಿನ ಹಚ್ಚಬೇಡಿ, ನೋಡಬೇಕಾದ ಹೊಟ್ಟು ಕೀವೆಲ್ಲ ಹೋಗಿಬಿಡುತ್ತದೆ. ಸುಟ್ಟ ಎಂಜಿನ್ ಆಯಿಲ್ ಅಂತೂ ಎಂದಿಗೂ ಬೇಡ. ಹಸುವಿನ ಉಣ್ಣೆಗೆ ತಂದ ಔಷಧಿಯಲ್ಲಿ ಮಿಕ್ಕದ್ದನ್ನು ಅಂದಾಜಿಗೆ ಬೆರೆಸಿ ನಾಯಿಗೆ ಹಾಕಬೇಡಿ, ಮನೆಯಲ್ಲಿ ಬೆಕ್ಕಿದ್ದರೆ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು ಅದರ ಪ್ರಾಣಕ್ಕೇ ಅಪಾಯ. ಹಸುವಿಗೆ ಚುಚ್ಚುವ ಐವರ್‌ಮೆಕ್ಟಿನ್ ಕೂಡ ಕೇಳದೆ ಬೇಡ, ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಅದು ಮೆದುಳಿಗೆ ನುಗ್ಗುತ್ತದೆ. ಚುಕ್ಕೆ, ಬೋಳು ಮೊದಲು ಕಂಡಾಗಿನ ಫೋಟೊ ಇದ್ದರೆ ತನ್ನಿ, ಜೊತೆಗೆ ಈವರೆಗೆ ಕೊಟ್ಟ ಎಲ್ಲ ಮಾತ್ರೆ, ಮುಲಾಮುಗಳ ಖಾಲಿ ಸ್ಟ್ರಿಪ್ ಮತ್ತು ಟ್ಯೂಬ್.