ಮಾರ್ಚ್ ತಿಂಗಳ ಜ್ವರ, ವಾರಕ್ಕೊಂದು ಹಳದಿ ಗುಳಿಗೆ

‘ವಾತರೋಗಿಗಳಿಗೆ ವೈರಸ್ ಸೋಂಕಿನ ಅಪಾಯ ಹೆಚ್ಚು’ ಎಂಬ ಸಾಲಿನ ಕೆಳಗೆ ಗೆರೆ ಎಳೆದು ಎಲ್ಲರೂ ಮುಂದೆ ಹೋಗುತ್ತೇವೆ. ಶಿವಮೊಗ್ಗದಲ್ಲಿ ವಾರ್ಡ್ ಸುತ್ತುವ ನಮಗೆ ಆ ಸಾಲು ಸಾಲದು. ಯಾವ ಔಷಧ, ಎಷ್ಟು ಡೋಸ್, ಯಾವ ವೈರಸ್ ಎಂದು ಕೇಳಿದಾಗಲೇ ಅದಕ್ಕೊಂದು ಅರ್ಥ ಬರುವುದು.

ಒಂದು ಕೇಸ್ ಕಲ್ಪಿಸಿಕೊಳ್ಳಿ. ತೀರ್ಥಹಳ್ಳಿ ಕಡೆಯ ನಲವತ್ತರ ಹೆಂಗಸು. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ) ಇದೆ, ಗಂಟುನೋವೂ ಇದೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಹೈಡ್ರಾಕ್ಸಿಕ್ಲೋರೋಕ್ವಿನ್, ವಾರಕ್ಕೊಮ್ಮೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದಾರೆ. ಮಾರ್ಚ್ ತಿಂಗಳಲ್ಲಿ ಮೂರು ದಿನದ ಜ್ವರ, ತಲೆ ಸಿಡಿತ, ಮೈಕೈ ನೋವು. ಬಿಳಿ ರಕ್ತಕಣ ಇಳಿದಿದೆ, ಪ್ಲೇಟ್‌ಲೆಟ್ಟೂ ಇಳಿದಿದೆ. ಲೂಪಸ್ ಕೆರಳಿದರೂ ಹೀಗೇ, ಡೆಂಗಿಯಾದರೂ ಹೀಗೇ, ಉಣುಗು ಹರಡುವ ಮಂಗನ ಕಾಯಿಲೆಯಾದರೂ ಹೀಗೇ. ಲೂಪಸ್ಸೇ ಎಂದು ಸ್ಟಿರಾಯ್ಡ್ ಏರಿಸಿದಿರೋ, ಒಳಗಿರುವುದು ವೈರಸ್ಸಾದರೆ ಅದಕ್ಕೆ ದಾರಿ ಬಿಟ್ಟುಕೊಟ್ಟ ಹಾಗೆ.

ರಕ್ತದ ರಕ್ಷಣಾ ಪ್ರೋಟೀನುಗಳಾದ ಸಿ3, ಸಿ4 ಕುಸಿದು, ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿದ್ದರೆ ತೂಕ ಲೂಪಸ್ ಕಡೆಗೆ. ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆ ಇಲ್ಲಿ ಹೆಚ್ಚು ನೆರವಾಗದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಜಿಗಿಯುವ ಅದು ಲೂಪಸ್ ಜ್ವರದಲ್ಲೂ ವೈರಲ್ ಜ್ವರದಲ್ಲೂ ಎಷ್ಟೋ ಸಲ ಸುಮ್ಮನಿರುತ್ತದೆ. ಅದಕ್ಕಿಂತ ಬಾಯಿಬಿಟ್ಟು ಕೇಳುವುದು ಮೇಲು: ‘ದರಗು ತರೋಕೆ ಬೆಟ್ಟಕ್ಕೆ ಹೋಗಿದ್ರಾ ಅಮ್ಮಾ? ಉಣುಗು ಕಚ್ಚಿತ್ತಾ? ಹತ್ತಿರ ಎಲ್ಲಾದ್ರೂ ಮಂಗ ಸತ್ತಿತ್ತಾ?’ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಈ ಕಾಯಿಲೆಗೆ ಡಿಸೆಂಬರಿನಿಂದ ಮೇವರೆಗೆ ಕಾಲ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳೆಯ ಉಣುಗು. ಕಣ್ಣಿಗೆ ಬೀಳದಷ್ಟು ಸಣ್ಣದು, ಹಾಗಾಗಿ ‘ಕಚ್ಚಿಲ್ಲ’ ಎಂಬ ಉತ್ತರವನ್ನು ಪೂರ್ತಿ ನಂಬಬೇಡಿ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ. ವಾತರೋಗಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಚುಚ್ಚುಮದ್ದು ಪಡೆದವರಲ್ಲಿ ಪ್ರತಿಕಾಯ ಹುಟ್ಟಿಸುವ ಬಿ ಕಣಗಳೇ ಖಾಲಿ. ಅವರ ಐಜಿಎಂ ‘ನೆಗೆಟಿವ್’ ಬಂತೆಂದು ನಿರಾಳವಾಗುವಂತಿಲ್ಲ.

ಇನ್ನು ಔಷಧಗಳು. ಸ್ಟಿರಾಯ್ಡ್‌ನ ಅಪಾಯ ಡೋಸಿನ ಜೊತೆ ಏರುತ್ತದೆ, ದಿನಕ್ಕೆ 10 ಮಿ.ಗ್ರಾಂ ದಾಟಿ ತಿಂಗಳುಗಟ್ಟಲೆ ನಡೆದರೆ ಎಚ್ಚರ. ಜ್ವರವನ್ನು ಮುಚ್ಚಿಡುವ ಕೆಟ್ಟ ಗುಣವೂ ಅದಕ್ಕಿದೆ. ಗಂಟುನೋವಿಗೆ ಕೊಡುವ ಟೊಫಾಸಿಟಿನಿಬ್ ಗುಂಪಿನ ಗುಳಿಗೆಗಳು ಸರ್ಪಸುತ್ತು ಎಬ್ಬಿಸಬಲ್ಲವು. ರಿಟುಕ್ಸಿಮ್ಯಾಬ್ ಹೆಪಟೈಟಿಸ್ ಬಿ ಯನ್ನು ನಿದ್ದೆಯಿಂದೆಬ್ಬಿಸಬಲ್ಲದು, ಅದಕ್ಕೇ ಮೊದಲು ಎಚ್‌ಬಿಎಸ್ ಆಂಟಿಜೆನ್ (ಈಗಿರುವ ಸೋಂಕಿನ ಗುರುತು) ಜೊತೆಗೆ ಕೋರ್ ಪ್ರತಿಕಾಯವನ್ನೂ (ಹಳೆಯ ಸೋಂಕಿನ ಗುರುತು) ನೋಡಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಾಪದ್ದು, ಇದರಿಂದ ಸೋಂಕು ಹೆಚ್ಚುವುದಿಲ್ಲ.

ಜ್ವರ ಬಂದಾಗ ಮೆಥೊಟ್ರೆಕ್ಸೇಟ್ ತಡೆಹಿಡಿಯುತ್ತೇವೆ. ಸ್ಟಿರಾಯ್ಡನ್ನು ಮಾತ್ರ ದಿಢೀರನೆ ನಿಲ್ಲಿಸಕೂಡದು. ದೇಹದ ಸ್ವಂತ ಸ್ಟಿರಾಯ್ಡ್ ಮಾಡುವ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಬಿಪಿ ಕುಸಿಯುತ್ತದೆ. (ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ಎಲ್ಲಾ ನಿಲ್ಲಿಸ್ತೀನಿ ಸರ್’ ಎಂದು ಬೈಸಿಕೊಂಡವನು ನಾನೇ.) ಗಂಟುನೋವಿನವರ ಮನೆಯಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ಇದ್ದೇ ಇರುತ್ತದೆ. ಡೆಂಗಿ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವದ ಭಯ, ಆದ್ದರಿಂದ ಅದು ಬೇಡ, ಪ್ಯಾರಾಸಿಟಮಾಲ್ ಸಾಕು.

ಲಸಿಕೆಯಲ್ಲಿ ನೆನಪಿಡಬೇಕಾದ್ದು: ಜೀವಂತ ವೈರಸ್ಸಿನವು ಇವರಿಗೆ ಸಾಮಾನ್ಯವಾಗಿ ಬೇಡ, ಫ್ಲೂ ಚುಚ್ಚುಮದ್ದು ಧಾರಾಳವಾಗಿ ಕೊಡಬಹುದು. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿತು. ಉಳಿದದ್ದು ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ, ಕಾಡಿಂದ ಬಂದಕೂಡಲೇ ಬಿಸಿನೀರ ಸ್ನಾನ.

ಮತ್ತೆ ನಮ್ಮ ಕೇಸಿಗೆ. ಪರೀಕ್ಷೆಗೆ ರಕ್ತ ಕಳಿಸಿಯಾದ ಮೇಲೆ ಅವರು ತಂದ ಗುಳಿಗೆ ಕೊಟ್ಟೆ ಬಿಚ್ಚಿಸಿ. ಹಳದಿ ಗುಳಿಗೆಯ, ಅಂದರೆ ಮೆಥೊಟ್ರೆಕ್ಸೇಟಿನ, ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿವೆ, ಯಾವತ್ತು ಕೊಂಡದ್ದು, ಎಣಿಸಿ. ವಾರಕ್ಕೊಂದು ಅಂದದ್ದನ್ನು ದಿನಕ್ಕೊಂದು ನುಂಗಿದವರಲ್ಲೂ ಬಿಳಿಕಣ, ಪ್ಲೇಟ್‌ಲೆಟ್ ಹೀಗೇ ಇಳಿಯುತ್ತವೆ. ಬಾಯಲ್ಲಿ ಹುಣ್ಣಿದೆಯಾ ನೋಡಿ.